ಕಟ್ಟು, ಹಿಡಿ, ಬಿಗಿ... ಮತ್ತು ಒಂದು ಕ್ಲಾಂಪಿನ ಕಥೆ

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕದೆ. ಆಫೀಸಿನಲ್ಲಿ ರಿಲೀಸು, ಊರಲ್ಲಿ ಮದುವೆ, ಮಧ್ಯೆ ಒಂದು ವಾರ ಜ್ವರ... ನೆಪಗಳಿಗೇನು ಬರ ಇಲ್ಲ ಬಿಡಿ :) ಈ ಸಲ ಊರಿಂದ ಬರುವಾಗ ಒಂದು ವಿಷಯ ತಲೆಯಲ್ಲಿ ಹುಳದ ಹಾಗೆ ಕೊರೀತಿತ್ತು. ಬರೆದು ಕೆಳಗಿಳಿಸಿಬಿಡೋಣ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗಬಹುದು. ಚಹಾ ಪಕ್ಕಕ್ಕಿಟ್ಟುಕೊಂಡು ಓದಿ.

ನಮ್ಮದು ಯಲಬುರ್ಗಾ ಹತ್ತಿರದ ಒಂದು ಹಳ್ಳಿ. ದೊಡ್ಡಪ್ಪಂದು ಕುಲುಮೆ. ಕುಡ, ಕುರಪಿ, ಕುಡಗೋಲು ಹಣಿಯೋದು, ಬಂಡಿ ಗಾಲಿಗೆ ಹಳಿ ಕಟ್ಟೋದು ಅವರ ಕೆಲಸ. ನಾನು ಏಳನೇ ಕ್ಲಾಸಿನಿಂದಲೇ ಶಾಲೆ ಬಿಟ್ಟ ಮೇಲೆ ಅಲ್ಲಿ ಕೂತು ಅರ ಹಾಕ್ತಿದ್ದೆ. ಅಂದ್ರೆ ಕಬ್ಬಿಣ ಉಜ್ಜೋ ಕೆಲಸ. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ, ಆಮೇಲೆ ಪಿಯುಸಿ ಸೈನ್ಸು, ಆಮೇಲೆ ಎಲ್ಲರ ಹಾಗೆ ಇಂಜಿನಿಯರಿಂಗ್.

ಮೊದಲ ಸೆಮಿಸ್ಟರಿನಲ್ಲೇ ವರ್ಕ್‌ಶಾಪ್ ಲ್ಯಾಬು. ಮೇಷ್ಟ್ರು ನನ್ನ ಕಡೆ ನೋಡಿ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಜಾಬನ್ನ ವೈಸಿಗೆ ಕ್ಲಾಂಪ್ ಮಾಡು. ನನಗೆ ಜಾಬ್ ಅಂದ್ರೆ ನೌಕರಿ. ವೈಸ್ ಅಂದ್ರೆ ವೈಸ್ ಪ್ರಿನ್ಸಿಪಾಲ್. ಕ್ಲಾಂಪ್ ಅಂದ್ರೆ ಏನೂ ಅಲ್ಲ! ನೌಕರಿ ಹಿಡಿಯೋಕೆ ವೈಸ್ ಪ್ರಿನ್ಸಿಪಾಲರ ಹತ್ತಿರ ಏನು ಮಾಡಬೇಕೋ ಅಂತ ಕಣ್ಣು ಕಣ್ಣು ಬಿಟ್ಟೆ. ಮೇಷ್ಟ್ರು ಕೂಗಿದ ಮೇಲೆ ಗಾಬರಿಯಲ್ಲಿ ಕಬ್ಬಿಣದ ಚೂರನ್ನ ಎಡಗೈಯಲ್ಲೇ ಹಿಡಿದು ಅರ ಹಾಕೋಕೆ ಹೋದೆ. ಜಾರಿತು. ಹೆಬ್ಬೆರಳಿಗೆ ಮೂರು ಹೊಲಿಗೆ. ಇಡೀ ಬ್ಯಾಚು ನಕ್ಕಿತು. ನಮ್ಮ ಕುಲುಮೆಯಲ್ಲೂ ಅದೇ ಸಾಮಾನು ಇತ್ತು ನೋಡಿ, ದೊಡ್ಡಪ್ಪ ಅದಕ್ಕೆ ‘ಬಾಯಿ’ ಅಂತಿದ್ರು. ‘ಬಾಯಾಗ ಹಾಕಿ ಬಿಗಿ’ ಅಂದಿದ್ರೆ ಕಣ್ಣು ಮುಚ್ಚಿಕೊಂಡು ಮಾಡ್ತಿದ್ದೆ.

ನನ್ನದು ಮೂರು ಹೊಲಿಗೆಗೆ ಮುಗೀತು. ನನ್ನ ರೂಮ್‌ಮೇಟ್ ಒಬ್ಬ ಇದ್ದ, ಅವನೂ ಕನ್ನಡ ಮಾಧ್ಯಮ, ಕುಷ್ಟಗಿ ಕಡೆಯವ. ಅವರಪ್ಪ ಬಡಿಗ. ಮರದಲ್ಲಿ ಕಚ್ಚು ಕೊರೆದು ಎರಡು ತುಂಡು ಸೇರಿಸಿದ್ರೆ ಕೂದಲು ತೂರದ ಹಾಗೆ ಸೇರಿಸ್ತಿದ್ದ. ಎರಡನೇ ಸೆಮಿಸ್ಟರ್ ಮುಗಿಯೋ ಮುಂಚೆ ಕಾಲೇಜು ಬಿಟ್ಟು ಹೋದ. ಕೈಗೆ ಗೊತ್ತಿರೋದನ್ನ ಬಾಯಿಗೆ ತರೋಕೆ ಆಗಲಿಲ್ಲ, ಅಷ್ಟೇ ಕಾರಣ. ಅವನ ಬಗ್ಗೆ ಯೋಚನೆ ಬಂದಾಗಲೆಲ್ಲ ಈ ಶಬ್ದಗಳ ಹಿಂದೆ ಬೀಳ್ತೀನಿ. ಫಾಸನ್, ಕ್ಲಾಂಪ್, ಕ್ಲೆಂಚ್, ಕ್ಲಚ್, ಗ್ರಿಪ್, ಗ್ರಾಸ್ಪ್, ಬೈಂಡ್... ಇವೆಲ್ಲ ಎಲ್ಲಿಂದ ಬಂದವು? ನಮ್ಮಲ್ಲಿ ಇವಕ್ಕೆ ಏನಿತ್ತು?

ಮೊದಲು ಇಂಗ್ಲಿಷಿನವರ ಕಥೆ. ಒಂದು ತಮಾಷೆ ಗಮನಿಸಿ. ಕ್ಲಾಂಪ್, ಕ್ಲಾಸ್ಪ್, ಕ್ಲಚ್, ಕ್ಲೆಂಚ್, ಕ್ಲಿಂಚ್, ಕ್ಲಿಪ್, ಕ್ಲಿಂಗ್. ಎಲ್ಲ ‘ಕ್ಲ’! ಹಿಡಿದುಕೊಳ್ಳೋ ಅರ್ಥ ಬಂದ ಕೂಡಲೇ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತೆ. ಎಲ್ಲವೂ ಒಂದೇ ಬೇರಿನವಲ್ಲ. ಕ್ಲಾಂಪ್ ಹಾಲೆಂಡಿನ ಕಡೆಯಿಂದ ಸಮುದ್ರ ದಾಟಿ ಬಂದದ್ದು. ಕ್ಲಚ್ ಇಂಗ್ಲಿಷಿನ ಹಳೇ ಮನೆಯದೇ, ಬೆರಳು ಮಡಚೋದು ಅನ್ನೋ ಅರ್ಥದ ಪದದಿಂದ. ಕ್ಲಿಪ್ ಅಂತೂ ಚೆಂದ, ಹಳೇ ಇಂಗ್ಲಿಷಿನಲ್ಲಿ ಅದು ಅಪ್ಪಿಕೊಳ್ಳೋದು! ಶೇಕ್ಸ್‌ಪಿಯರ್ ನಾಟಕಗಳಲ್ಲೂ ಅಪ್ಪುಗೆಗೆ ಆ ಮಾತು ಸಿಗುತ್ತೆ. ಈಗ ಪಾಪ ಕೂದಲಿಗೂ ಕಾಗದಕ್ಕೂ ಬಂದು ನಿಂತಿದೆ. ಕತ್ತರಿಸೋ ಕ್ಲಿಪ್ ಬೇರೆ, ಅದು ಸ್ಕ್ಯಾಂಡಿನೇವಿಯಾದವರು ಕೊಟ್ಟಿದ್ದು. ಹೀಗೇ ಕ್ಲೀವ್ ಅಂದ್ರೆ ಸೀಳೋದೂ ಹೌದು, ಅಂಟಿಕೊಳ್ಳೋದೂ ಹೌದು. ಎರಡು ಬೇರೆ ಬೇರೆ ಹಳೇ ಕ್ರಿಯಾಪದಗಳು ಸವೆದು ಸವೆದು ಒಂದೇ ರೂಪಕ್ಕೆ ಬಂದುಬಿಟ್ಟಿವೆ. ನಮ್ಮ ಕೋಡಿನಲ್ಲಿ ಎರಡು ವೇರಿಯಬಲ್‌ಗೆ ಒಂದೇ ಹೆಸರು ಇಟ್ಟರೆ ಕಂಪೈಲರ್ ಬೈಯುತ್ತೆ, ಭಾಷೆ ಬೈಯೋದಿಲ್ಲ.

ಹೋಲ್ಡ್ ಅನ್ನೋದು ಇಂಗ್ಲಿಷಿನ ‘ಹಿಡಿ’. ಅದರ ದಾಯಾದಿ ಗಾಥಿಕ್ ಭಾಷೆಯಲ್ಲಿ ಸಿಗುತ್ತೆ, ಅಲ್ಲಿ ಅದರ ಅರ್ಥ ದನ ಕಾಯೋದು. ದನ ಚೆದುರದ ಹಾಗೆ ನೋಡಿಕೊಳ್ಳೋದೇ ಹಿಡಿಯೋದು. ದನ ಕಾದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದರಲ್ಲ, ಅಲ್ಲಿಂದ ಮುಂದೆ ಹಿಡಿಯೋ ಶಬ್ದಗಳಲ್ಲೂ ಜಾತಿ ಬಂತು. ಕುಲುಮೆಯವರ, ಒಕ್ಕಲಿಗರ ಬಾಯಲ್ಲಿ ಹೋಲ್ಡ್, ಬೈಂಡ್, ಗ್ರಿಪ್, ಟೈ. ಕೋರ್ಟಿನವರ ಬಾಯಲ್ಲಿ ಫ್ರೆಂಚ್ ಮೂಲದ ಸೀಜ್, ರಿಟೇನ್, ಅಟ್ಯಾಚ್, ಟೆನೆಂಟ್. ಸೀಜ್ ಅಂದ್ರೆ ಮೊದಲು ಆಸ್ತಿಯ ಸ್ವಾಧೀನ. ಅಟ್ಯಾಚ್ ಅನ್ನೋದು ‘ಗೂಟಕ್ಕೆ ಕಟ್ಟು’ ಅನ್ನೋ ಅರ್ಥದ ಹಳೇ ಫ್ರೆಂಚ್ ಮಾತಿನಿಂದ ಬಂತು ಅಂತಾರೆ. ಇಂಗ್ಲಿಷಿಗೆ ಬಂದಾಗ ಅದರ ಮೊದಲ ಕೆಲಸ ಜನರನ್ನ, ಸೊತ್ತನ್ನ ಕಾನೂನಿನ ಹಿಡಿತಕ್ಕೆ ತಗೊಳ್ಳೋದು. ಈಗ ನಾವು ದಿನಾ ಹತ್ತು ಮೇಲಿಗೆ ಅಟ್ಯಾಚ್‌ಮೆಂಟ್ ಹಾಕ್ತೀವಿ. ಕೋರ್ಟು ಮಾತ್ರ ಇವತ್ತಿಗೂ ಹಳೇ ಅರ್ಥದಲ್ಲೇ ಅಟ್ಯಾಚ್ ಮಾಡುತ್ತೆ. ಅದಕ್ಕೆ ನಮ್ಮ ಕಡೆ ಏನಂತಾರೆ? ಜಪ್ತಿ!

ಈಗ ಯಲಬುರ್ಗಾಕ್ಕೆ ಬರೋಣ. ಜಪ್ತಿ ಅರಬ್ಬಿಯ ಜಬ್ತ್, ಅಂದ್ರೆ ಹಿಡಿತ. ಅದು ನಮ್ಮ ಹಳ್ಳಿಗೆ ಹೇಗೆ ಬಂತು ಅಂದ್ರೆ ಭೂಪಟ ನೋಡಬೇಕು. ಯಲಬುರ್ಗಾ 1948ರ ಸೆಪ್ಟೆಂಬರ್ ತನಕ ನಿಜಾಮರ ಹೈದರಾಬಾದ್ ಸಂಸ್ಥಾನ. ಪಕ್ಕದ ರೋಣ, ಗದಗ ಬ್ರಿಟಿಷರ ಮುಂಬೈ ಪ್ರಾಂತ. ಅಲ್ಲಿ ಕಚೇರಿ ಭಾಷೆಯಲ್ಲಿ ಇಂಗ್ಲಿಷು, ಮರಾಠಿ, ಇಲ್ಲಿ ಪಾರಸಿ, ಆಮೇಲೆ ಉರ್ದು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ರಾಯಚೂರು ಜಿಲ್ಲೆಯಲ್ಲೇ ಇದ್ದೆವು, ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ. ಇನ್ನೂ ಹಿಂದಕ್ಕೆ ಹೋದ್ರೆ ಇದೇ ಊರು ಎರಂಬರಗೆ, ಕಲ್ಯಾಣದ ಚಾಲುಕ್ಯರ ಕೈಕೆಳಗಿದ್ದ ಸಿಂದರ ರಾಜಧಾನಿ. ಶಾಸನ ಬರೆಸೋ ಕಾಲಕ್ಕೆ ಸಂಸ್ಕೃತ, ಹಳಗನ್ನಡ. ಅಂದ್ರೆ ಒಂದೇ ಊರಿನ ಮೇಲೆ ಪದರ ಪದರವಾಗಿ ಹಿಡಿಯೋ-ಕಟ್ಟೋ ಶಬ್ದಗಳು ಬಂದು ಕೂತಿವೆ.

ಬಂದೋಬಸ್ತ್ ತಗೊಳ್ಳಿ. ಪಾರಸಿಯಲ್ಲಿ ‘ಬಂದ್ ಒ ಬಸ್ತ್’, ಅಂದ್ರೆ ಕಟ್ಟೋದು ಮತ್ತು ಕಟ್ಟಿದ್ದು. ಮೊದಲು ಭೂಕಂದಾಯ ಗೊತ್ತು ಮಾಡೋದಕ್ಕೆ ಬಂದೋಬಸ್ತ್ ಅಂತಿದ್ರು, ಈಗ ಜಾತ್ರೆಯ ಪೊಲೀಸರಿಗೆ. ಹೈದರಾಬಾದಿನ ದಿವಾನರಾಗಿದ್ದ ಒಂದನೇ ಸಾಲಾರ್ ಜಂಗ್ 1865ರಲ್ಲಿ ಜಿಲ್ಲೆಗಳನ್ನ ರೂಪಿಸಿದ್ರು, ಆ ವ್ಯವಸ್ಥೆಯ ಹೆಸರು ಜಿಲಾಬಂದಿ. ಕೊಪ್ಪಳ ಅವರ ಮನೆತನದ ಜಹಗೀರೇ ಆಗಿತ್ತು. ಜಮಾಬಂದಿ, ನಜರಬಂದಿ, ಬಾಜೂಬಂದು... ಎಲ್ಲಾ ಕಡೆ ಬಂದ್. ನನಗೆ ರೋಮಾಂಚನ ಆಗಿದ್ದು ಎಲ್ಲಿ ಅಂದ್ರೆ, ಪಾರಸಿಯ ಬಂದ್, ಸಂಸ್ಕೃತದ ಬಂಧ, ಇಂಗ್ಲಿಷಿನ ಬೈಂಡ್ ಮೂರೂ ಒಂದೇ ಬೇರಿನವು! 1786ರಲ್ಲಿ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ನಿಂತು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಬುಡದಿಂದ ಬಂದಿರಬೇಕು, ಪಾರಸಿಯೂ ಅದೇ ವಂಶಕ್ಕೆ ಸೇರಬಹುದು ಅಂದಿದ್ದರಲ್ಲ, ಅದೇ ವಂಶದ ಮಕ್ಕಳು. ನಮ್ಮ ಹಳ್ಳಿಯಲ್ಲಿ ಒಬ್ಬ ‘ಬಂಧು’ ಮನೆಗೆ ಬಂದು, ಬಾಗಿಲು ‘ಬಂದ್’ ಮಾಡಿ, ಮಗನ ಪ್ರಾಜೆಕ್ಟ್ ರಿಪೋರ್ಟಿನ ‘ಬೈಂಡಿಂಗ್’ ಬಗ್ಗೆ ಮಾತಾಡಿದ ಅಂದ್ಕೊಳ್ಳಿ. ಸಾವಿರಾರು ವರ್ಷದ ಹಿಂದೆ ಬೇರೆಯಾದ ಅಣ್ಣ ತಮ್ಮಂದಿರು ಒಂದೇ ಪಡಸಾಲೆಯಲ್ಲಿ ಕೂತ ಹಾಗೆ. ಒಬ್ಬರ ಗುರುತು ಒಬ್ಬರಿಗಿಲ್ಲ.

ಕುಲುಮೆಯಲ್ಲೂ ನಿಜಾಮರ ಕಾಲದ ಮಾತುಗಳಿದ್ದವು. ತಿರುಪಿಗೆ ಪೇಚು, ತಿರುಪು ಬಿಗಿಯೋದಕ್ಕೆ ಪೇಚ್‌ಕಸ್. ಪೇಚ್ ಅಂದ್ರೆ ಪಾರಸಿಯಲ್ಲಿ ತಿರುಚು, ಸುತ್ತು. ಸುತ್ತಿಗೆ ಸಿಕ್ಕಿಕೊಂಡವನೇ ಪೇಚಿಗೆ ಸಿಕ್ಕವನು, ಅವನದೇ ಪೇಚಾಟ! ಅಂದ ಹಾಗೆ ನನ್ನ ಬೆರಳು ತಿಂದ ವೈಸ್ ಕೂಡ ಹೀಗೇ. ಫ್ರೆಂಚಿನಲ್ಲಿ ಅದು ತಿರುಪು, ಅದರ ಹಿಂದೆ ಲ್ಯಾಟಿನ್ನಿನ ದ್ರಾಕ್ಷಿಬಳ್ಳಿ. ಬಳ್ಳಿಯ ಕುಡಿ ಸುತ್ತಿಕೊಳ್ಳುತ್ತಲ್ಲ, ಅದನ್ನ ನೋಡಿ ಇಟ್ಟ ಹೆಸರು. ಇದನ್ನ ಆ ದಿನ ಯಾರಾದ್ರೂ ಹೇಳಿದ್ದರೆ ಸಾಯೋ ತನಕ ಮರೀತಿರಲಿಲ್ಲ.

ಇಲ್ಲೊಂದು ಹೊಟ್ಟೆಕಿಚ್ಚಿನ ವಿಷಯ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಉರ್ದುವಿನಲ್ಲಿ. ವೈದ್ಯಕೀಯ, ಇಂಜಿನಿಯರಿಂಗ್ ಕೂಡ! ಅದಕ್ಕಾಗಿ ಭಾಷಾಂತರದ ದೊಡ್ಡ ಇಲಾಖೆಯನ್ನೇ ಕಟ್ಟಿ, ಪಂಡಿತರನ್ನ ಕೂರಿಸಿ ಶಬ್ದಗಳನ್ನ ಮಾಡಿಸಿದ್ರು. ನಮ್ಮ ಭಾಷೆಯಲ್ಲಿ ಆಗಲ್ಲ ಅಂತ ಕೈ ಚೆಲ್ಲಲಿಲ್ಲ. ಆದ್ರೆ ಅದೇ ಸಂಸ್ಥಾನದ ಕನ್ನಡ, ತೆಲುಗು, ಮರಾಠಿ ಹಳ್ಳಿಯ ಹುಡುಗನಿಗೆ ಅದೂ ಪರಭಾಷೆಯೇ. ನಮ್ಮ ಮುತ್ತಜ್ಜ ಉರ್ದು ಶಾಲೆಯಲ್ಲಿ ಪೇಚಾಡಿದ, ನಾನು ಇಂಗ್ಲಿಷ್ ಲ್ಯಾಬಿನಲ್ಲಿ. ನಡುವೆ ನೂರು ವರ್ಷ.

ಹಾಗಾದ್ರೆ ಕನ್ನಡದಲ್ಲಿ ಏನಿತ್ತು? ರಾಶಿ ರಾಶಿ ಇತ್ತು ಸ್ವಾಮಿ!

ಮೊದಲು ‘ಕಟ್ಟು’. ಇದು ಸಂಸ್ಕೃತದ್ದಲ್ಲ, ಪಾರಸಿಯದ್ದಲ್ಲ. ತಮಿಳು, ಮಲಯಾಳ, ತೆಲುಗು ಎಲ್ಲದರಲ್ಲೂ ಇರೋ ಅಚ್ಚ ದ್ರಾವಿಡ ಮಾತು. ದನ ಕಟ್ಟು, ಬುತ್ತಿ ಕಟ್ಟು, ತಾಳಿ ಕಟ್ಟು, ಮನೆ ಕಟ್ಟು, ಕೆರೆ ಕಟ್ಟು, ಫೀಸು ಕಟ್ಟು, ಹಾಡು ಕಟ್ಟು, ಬಾಜಿ ಕಟ್ಟು. ನೆಗಡಿ ಬಂದ್ರೆ ಮೂಗು ಕಟ್ಟುತ್ತೆ. ಒಬ್ಬ ಇಂಗ್ಲಿಷಿನವನಿಗೆ ಇಷ್ಟಕ್ಕೂ ಬೇರೆ ಬೇರೆ ಕ್ರಿಯಾಪದ ಬೇಕು. ಕಟ್ಟೆ, ಕಟ್ಟಡ, ಕಟ್ಟಳೆ, ಕಟ್ಟುಪಾಡು, ಕಟ್ಟುಕತೆ, ಒಗ್ಗಟ್ಟು ಎಲ್ಲ ಇದರದೇ ಸಂಸಾರ. ಮನೆ ‘ಕಟ್ಟೋದು’ ಯಾಕೆ ಅಂದ್ರೆ ಮೊದಲ ಮನೆಗಳು ನಿಜಕ್ಕೂ ಗಳ, ಹಗ್ಗ, ನಾರಿನಿಂದ ಕಟ್ಟಿದವೇ ಇರಬೇಕು ಅಂತ ನನ್ನ ಅನಿಸಿಕೆ. ಇನ್ನೊಂದು ಮಜಾ, ಈ ಕಟ್ಟು ಇಂಗ್ಲಿಷಿಗೂ ಹೋಗಿದೆ. ಕ್ಯಾಟಮರನ್ ಅಂತ ದೋಣಿ ಇದೆಯಲ್ಲ, ಅದು ತಮಿಳಿನ ಕಟ್ಟುಮರಂ, ಕಟ್ಟಿದ ಮರ. 17ನೇ ಶತಮಾನದಲ್ಲಿ ನಾವಿಕರು ಕೋರಮಂಡಲ ತೀರದಿಂದ ಹೊತ್ತುಕೊಂಡು ಹೋದ್ರು. ಮುಂದಿನ ಸಲ ಯಾರಾದ್ರೂ ನಿಮ್ಮ ಇಂಗ್ಲಿಷ್ ನೋಡಿ ನಕ್ಕರೆ ಕ್ಯಾಟಮರನ್ ನೆನಪಿಸಿ :)

‘ಹಿಡಿ’ ಹಳಗನ್ನಡದಲ್ಲಿ ಪಿಡಿ. ಪಾಲು ಹಾಲಾದ ಹಾಗೆ ಪಿಡಿ ಹಿಡಿಯಾಯ್ತು. ಆದ್ರೆ ಕೈಪಿಡಿಯಲ್ಲಿ ಹಳೇ ಪಕಾರ ಹಾಗೇ ಉಳಿದಿದೆ. 16ನೇ ಶತಮಾನದ ಲಿಂಗಮಂತ್ರಿ ತನ್ನ ನಿಘಂಟಿಗೆ ‘ಕಬ್ಬಿಗರ ಕೈಪಿಡಿ’ ಅಂತ ಹೆಸರಿಟ್ಟ. ಸಾಫ್ಟ್‌ವೇರ್ ಮ್ಯಾನ್ಯುಯಲ್ಲಿಗೆ ಇಷ್ಟು ಒಳ್ಳೇ ಪದ ಐದು ಶತಮಾನದಿಂದ ನಮ್ಮ ಕೈಯಲ್ಲೇ ಇದೆ. (ಹಳಗನ್ನಡದಲ್ಲಿ ಪಿಡಿ ಅಂದ್ರೆ ಹೆಣ್ಣಾನೆ ಅಂತಲೂ ಇದೆ. ಅದನ್ನ ಕೈಯಲ್ಲಿ ಹಿಡಿಯೋಕೆ ಹೋಗಬೇಡಿ.) ಬಸ್ಸು ಹಿಡಿ, ದಾರಿ ಹಿಡಿ, ಹುಚ್ಚು ಹಿಡಿ, ತುಕ್ಕು ಹಿಡಿ. ‘ಈ ಕೊಡ ಎಷ್ಟ ನೀರ ಹಿಡಿತೈತಿ’ ಅನ್ನೋದೂ, ಇಂಗ್ಲಿಷಿನವರು ಕೊಡಕ್ಕೆ ಹೋಲ್ಡ್ ಅನ್ನೋದೂ ಒಂದೇ ಲೆಕ್ಕ. ಇದಕ್ಕಿಂತ ದೊಡ್ಡದು ಹಿಡುವಳಿ. ಹೊಲವನ್ನ ‘ಹಿಡಿದವನು’ ಹಿಡುವಳಿದಾರ. ಟೆನೆಂಟ್ ಅಂದ್ರೂ ಫ್ರೆಂಚಿನಲ್ಲಿ ಹಿಡಿದವನು ಅಂತಲೇ. ಯಾರೂ ಯಾರನ್ನೂ ನೋಡಿ ಕಾಪಿ ಹೊಡೆದದ್ದಲ್ಲ. ಭೂಮಿ ಅನ್ನೋದು ಬಿಟ್ಟರೆ ಹೋಗುತ್ತೆ, ಹಿಡಿದಿರಬೇಕು ಅನ್ನೋ ಭಯ ಎರಡೂ ಕಡೆ ಇತ್ತು.

ಇನ್ನು ಸಣ್ಣ ಪುಟ್ಟವು ಲೆಕ್ಕವಿಲ್ಲ. ಬಿಗಿ, ಬೆಸೆ, ಹೆಣೆ, ಹೊಲಿ, ಪೋಣಿಸು, ಅವಚು, ಅದುಮು, ತಬ್ಬು, ಕಚ್ಚು. ಕುಸ್ತಿಯಲ್ಲಿ ಪಟ್ಟು. ಬಾಗಿಲಿಗೆ ಅಗಳಿ, ಚಿಲಕ, ಕೊಂಡಿ. ದನಕ್ಕೆ ಕಣ್ಣಿ, ದಾವಣಿ, ಮೂಗುದಾರ. ಹಗ್ಗದಲ್ಲಿ ಗಂಟು ಬೇರೆ, ಕುಣಿಕೆ ಬೇರೆ, ಎಳೆದಷ್ಟೂ ಬಿಗಿಯೋ ಜೀರುಕುಣಿಕೆ ಇನ್ನೂ ಬೇರೆ. ಬಂಡಿಗೆ ಮಿಣಿ, ಬೆಣೆ, ಗಾಲಿ ಕಳಚದ ಹಾಗೆ ಕಡೆಗೀಲು. ಕಿನ್ನಾಳದ ಚಿತ್ರಗಾರರು ಗೊಂಬೆಯ ತುಂಡುಗಳನ್ನ ಜೋಡಿಸೋಕೆ ಮೊಳೆ ಹುಡುಕೋದಿಲ್ಲ. ಸೆಣಬಿನ ಚಿಂದಿ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿ ‘ಕಿಟ್ಟ’ ಮಾಡ್ತಾರೆ. ಇಟಗಿಯ ಮಹಾದೇವ ಗುಡಿ ನೋಡಿದ್ದೀರಾ? 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನವೇ ಅದನ್ನ ದೇವಾಲಯ ಚಕ್ರವರ್ತಿ ಅಂತ ಕರೆಯುತ್ತೆ. ಗಾರೆ ಇಲ್ಲದೆ ಕಲ್ಲು ಕಲ್ಲನ್ನ ಹಿಡಿದು ನಿಂತಿದೆ. ಅದನ್ನ ಕೂರಿಸಿದ ಓಜರು ಒಬ್ಬರಿಗೊಬ್ಬರು ‘ಹಿಂಗ ಕಚ್ಚಸು, ಹಂಗ ಕೂಡಸು’ ಅಂತ ಏನೋ ಮಾತಾಡಿರಲೇಬೇಕಲ್ಲ. ಶಾಸನದಲ್ಲಿ ದಾನ ಕೊಟ್ಟವರ ಮಾತಿದೆ, ಆ ಮಾತಿಲ್ಲ.

ಈ ಸಿಟ್ಟು ನನಗೆ ನಿಘಂಟುಗಳ ಮೇಲೂ ಇದೆ. ಕಿಟೆಲ್ ಸಾಹೇಬರು 1853ರಲ್ಲಿ ಬಂದು, 1894ರಲ್ಲಿ ಮಂಗಳೂರಿನಲ್ಲಿ ಆ ಮಹಾ ನಿಘಂಟು ಅಚ್ಚು ಹಾಕಿಸಿದ್ರು. ಕೈ ಮುಗೀಬೇಕು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಿಗೂ ಕೈ ಮುಗೀಬೇಕು. 2019ರಲ್ಲಿ ವಿ. ಕೃಷ್ಣ ಅವರ ‘ಅಲರ್’ ನಿಘಂಟು ಆನ್‌ಲೈನಿನಲ್ಲಿ ಎಲ್ಲರಿಗೂ ತೆರೆದಾಗ ನಾನು ರಾತ್ರಿಯೆಲ್ಲ ಕೂತು ಹುಡುಕಿದ್ದೀನಿ. ಆದ್ರೆ ಇವು ಕನ್ನಡದಿಂದ ಹೊರಡೋ ದಾರಿಗಳು. ಕೈಯಲ್ಲಿ ಕಬ್ಬಿಣ ಹಿಡಿದುಕೊಂಡು, ಕಿವಿಯಲ್ಲಿ ‘ಕ್ಲಾಂಪ್’ ಕೇಳಿಸಿಕೊಂಡ ಹುಡುಗನಿಗೆ ಬೇಕಾದದ್ದು ತಿರುಗಿ ಊರಿಗೆ ಬರೋ ದಾರಿ. ಅವನಿಗೆ ‘ಬಿಗಿ’ ಅಂತ ಒಂದೇ ಮಾತು ಸಾಕಿತ್ತು. ಈಗ ನನ್ನ ಕೆಲಸವೇ ನೋಡಿ, ಬೈಂಡ್, ಜಾಯಿನ್, ಹುಕ್, ಲಿಂಕ್, ಲಾಕ್, ಲ್ಯಾಚ್, ಥ್ರೆಡ್. ಎಲ್ಲಾ ಕುಲುಮೆ, ಬಡಿಗತನ, ನೇಕಾರಿಕೆಯಿಂದ ಕದ್ದ ಮಾತುಗಳು! ಇಂಗ್ಲಿಷ್ ಹುಡುಗನಿಗೆ ಲ್ಯಾಚ್ ಅಂದ್ರೆ ಮನೆ ಚಿಲಕ ಕಣ್ಣ ಮುಂದೆ ಬರುತ್ತೆ, ಪರಿಕಲ್ಪನೆ ಅರ್ಧ ಅಲ್ಲೇ ಅರ್ಥ ಆಯ್ತು. ನಾವು ಅದನ್ನ ವ್ಯಾಖ್ಯೆಯಾಗಿ ಬಾಯಿಪಾಠ ಮಾಡ್ತೀವಿ.

ಹಳಿ ಕಟ್ಟೋದನ್ನ ಹೇಳದೆ ಇದನ್ನ ಮುಗಿಸೋಕೆ ಆಗಲ್ಲ. ಗಾಲಿ ಮರದ್ದು, ಅದರ ಸುತ್ತ ಕಬ್ಬಿಣದ ಪಟ್ಟಿ, ಅದೇ ಹಳಿ. ಪಟ್ಟಿಯನ್ನ ಗಾಲಿಗಿಂತ ಒಂದು ಚೂರು ಸಣ್ಣದಾಗೇ ಮಾಡ್ತಾರೆ. ಬಯಲಲ್ಲಿ ಅದನ್ನ ಮಲಗಿಸಿ, ಸುತ್ತ ಕುಳ್ಳು ಪೇರಿಸಿ ಬೆಂಕಿ ಹಾಕ್ತಾರೆ. ಕೆಂಪಗೆ ಕಾದ ಮೇಲೆ ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಗಾಲಿಯ ಮೇಲೆ ಇಟ್ಟು, ಬಡಿದು ಕೂರಿಸಿ, ತಕ್ಷಣ ನೀರು. ಬುಸ್ಸಂತ ಹಬೆ, ಸುಟ್ಟ ಮರದ ವಾಸನೆ, ಗಾಲಿಯ ಒಳಗಿನ ಕಟ್ಟಿಗೆ ‘ಕಟ್ ಕಟ್’ ಅಂತ ಬಿಗಿದುಕೊಳ್ಳೋ ಸದ್ದು. ಮೊಳೆ ಇಲ್ಲ, ಬೋಲ್ಟ್ ಇಲ್ಲ. ಆಮೇಲೆ ಒಂದು ದಿನ ಲೆಕ್ಕ ಹಾಕಿದೆ. ಗಾಲಿ ನಾಲ್ಕೂವರೆ ಅಡಿ ಇದ್ದರೆ ಸುತ್ತಳತೆ ಸುಮಾರು 4.3 ಮೀಟರ್. ಕಬ್ಬಿಣ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತೆ. 500 ಡಿಗ್ರಿ ಕಾಯಿಸಿದ್ರೆ 26 ಮಿಲಿಮೀಟರ್, ಅಂದ್ರೆ ಒಂದು ಇಂಚು. ದೊಡ್ಡಪ್ಪ ದಾರದಿಂದ ಅಳೆದು ಎರಡು ಬೆರಳು ಮಡಚಿ ‘ಇಷ್ಟ ಕಡಿಮಿ ಇಡು’ ಅಂತಿದ್ದ ಲೆಕ್ಕ ಇದಕ್ಕೆ ಹೆಚ್ಚು ಕಡಿಮೆ ಸರಿಹೋಗುತ್ತೆ. ಹಾಗೇ ನೋಡಿ, ಇಂಗ್ಲಿಷಿನ ಕ್ಲಿಂಗ್ ಇದೆಯಲ್ಲ, ಹಳೇ ಕಾಲದಲ್ಲಿ ಅದರ ಅರ್ಥ ಅಂಟಿಕೊಳ್ಳೋದಕ್ಕಿಂತ ಹೆಚ್ಚಾಗಿ ಕುಗ್ಗೋದು, ಮುದುಡೋದು. ಹಳಿ ಕಟ್ಟಿದವನಿಗೆ ಇದು ಆಶ್ಚರ್ಯ ಅಲ್ಲವೇ ಅಲ್ಲ. ಟೈರ್ ಅನ್ನೋದು ಬಹುಶಃ ಗಾಲಿಗೆ ತೊಡಿಸಿದ ಉಡುಪು, ಅಟೈರ್ ಅನ್ನೋದರ ಚುಟುಕು ರೂಪ.

ದೊಡ್ಡಪ್ಪ ಕೊನೇ ಹಳಿ ಕಟ್ಟಿದ್ದು ಎರಡು ವರ್ಷದ ಹಿಂದೆ. ಈಗ ಎಲ್ಲ ಟ್ರ್ಯಾಕ್ಟರ್, ಬಂಡಿಗೂ ರಬ್ಬರ್ ಗಾಲಿ. ಈ ಸಲ ಊರಿಗೆ ಹೋದಾಗ ನೋಟ್‌ಬುಕ್ ಹಿಡಿದು ಅವರ ಮುಂದೆ ಕೂತೆ. ಮೊದಲು ನಾಚಿಕೊಂಡ್ರು, ‘ಇವೆಲ್ಲಾ ಬರಕೊಂಡ ಏನ್ ಮಾಡ್ತೀಯೋ’ ಅಂದ್ರು. ಆಮೇಲೆ ಎರಡು ತಾಸು ನಿಲ್ಲಿಸಲೇ ಇಲ್ಲ. 140 ಮಾತು ಆದವು. ಹದಿನೈದಿಪ್ಪತ್ತು ನಾನು ನೋಡಿದ ಯಾವ ನಿಘಂಟಿನಲ್ಲೂ ಸಿಗಲಿಲ್ಲ. ಕಾಲೇಜು ಬಿಟ್ಟ ಆ ಗೆಳೆಯನನ್ನೂ ಹುಡುಕಿ ಫೋನ್ ಮಾಡಿದೆ. ಗಂಗಾವತಿಯಲ್ಲಿ ಫರ್ನಿಚರ್ ಅಂಗಡಿ ಇಟ್ಟಿದ್ದಾನೆ. ಬಡಿಗತನದ ಮಾತು ಅವನು ಕಳಿಸ್ತಾನಂತೆ, ಒಂದು ಷರತ್ತಿನ ಮೇಲೆ. ಒಂದೊಂದರ ಮುಂದೂ ಇಂಗ್ಲಿಷ್ ಬರೆದು ಅವನ ಮಗಳಿಗೆ ಕೊಡಬೇಕು. ಅವಳು ಮುಂದಿನ ವರ್ಷ ಶಾಲೆಗೆ ಸೇರ್ತಾಳೆ.

ನಿಮ್ಮ ಕಡೆ ಕಟ್ಟೋದಕ್ಕೆ, ಬಿಗಿಯೋದಕ್ಕೆ, ಹಿಡಿಯೋದಕ್ಕೆ ಬೇರೆ ಮಾತುಗಳಿದ್ದರೆ ತಿಳಿಸಿ. ಮಲೆನಾಡು, ಕರಾವಳಿ, ಕಾಸರಗೋಡಿನವರು ದೋಣಿ, ಬಲೆ, ಅಡಿಕೆ ಕೊನೆ ಕಟ್ಟೋ ಮಾತು ಕೊಟ್ಟರಂತೂ ಹಬ್ಬ.

ಹೊರಡೋ ಹಿಂದಿನ ದಿನ ದೊಡ್ಡಪ್ಪನನ್ನ ಯಲಬುರ್ಗಾ ಸ್ಟೇಷನ್ನಿಗೆ ಕರಕೊಂಡು ಹೋಗಿದ್ದೆ. 2025ರ ಮೇ ತಿಂಗಳಿಂದ ನಮ್ಮಲ್ಲೂ ಕುಷ್ಟಗಿ ತನಕ ರೈಲು ಓಡ್ತಿದೆಯಲ್ಲ, ಅವರು ನೋಡಿರಲಿಲ್ಲ. ರೈಲಿಗಿಂತ ಹೆಚ್ಚು ಹೊತ್ತು ಅವರು ನೋಡಿದ್ದು ಕಂಬಿಯನ್ನ ಸ್ಲೀಪರಿಗೆ ಹಿಡಿದಿರೋ ಬಾಗಿದ ಸ್ಪ್ರಿಂಗ್ ಕ್ಲಿಪ್ಪನ್ನ. ಕೂತು, ಬೆರಳಿಂದ ಮುಟ್ಟಿ, ‘ಬೋಲ್ಟ್ ಇಲ್ಲದ ಹೆಂಗ ಅವಚಿ ಹಿಡದೈತಿ ನೋಡಲೇ’ ಅಂದ್ರು. ಆಮೇಲೆ ಕಂಬಿಯ ಮೇಲೆ ಅಂಗೈ ಇಟ್ಟು, ಇದಕ್ಕ ಏನಂತಾರ ಅಂತ ಕೇಳಿದ್ರು.

‘ಹಳಿ’ ಅಂದೆ.

‘ನಾ ಕಟ್ಟಿದ್ದೂ ಹಳೀನ’ ಅಂತ ನಕ್ಕರು.